ಹಾಡು ಕಟ್ಟಿದವನೇ ಬಿಟ್ಟುಹೋದ ಬ್ಯಾಂಡು: 'ದ ಜ್ಯಾಮ್' ಹಾಡುಗಳನ್ನು ಪುಣೆಯಲ್ಲಿ ನಾವು ನುಡಿಸುವುದು ಸರಿಯೇ?

ನಾಲ್ಕುತಂತಿ, ಪುಣೆ (ಪ್ರಶ್ನೆ)

ನನ್ನ ಊರು ಧಾರವಾಡ, ಉದ್ಯೋಗ ಪುಣೆಯಲ್ಲಿ. ಹಗಲೆಲ್ಲ ಹಿಂಜವಡಿಯ ಕಂಪ್ಯೂಟರಿನ ಮುಂದೆ ಕಳೆಯುತ್ತದೆ. ವಾರದಲ್ಲಿ ಎರಡು ರಾತ್ರಿ ಬೇಸ್ ಗಿಟಾರಿಗೆ ಮೀಸಲು. ನಾವು ಮೂವರಿದ್ದೇವೆ. ಗಿಟಾರ್ ನುಡಿಸಿ ಹಾಡುವವನು ಸದಾಶಿವ ಪೇಟೆಯ ಮರಾಠಿಗ, ಡ್ರಮ್ಸಿಗೆ ಕೂರುವವನು ಕುಂದಾಪುರದ ಹುಡುಗ, ಬೇಸ್ ನನ್ನ ಪಾಲಿನದು. ಕೊಥ್ರೂಡಿನ ಒಂದು ಹಿತ್ತಿಲ ಕೋಣೆಯ ಗೋಡೆಗಳಿಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿಕೊಂಡು ಅಭ್ಯಾಸ ಮಾಡುತ್ತೇವೆ. ಅದರಿಂದ ಸದ್ದೇನೂ ಕಡಿಮೆಯಾಗಿಲ್ಲ ಎಂಬುದನ್ನು ಪಕ್ಕದ ಮನೆಯ ಅಜ್ಜಿ ಪ್ರತಿ ಗುರುವಾರ ತಪ್ಪದೆ ತಿಳಿಸುತ್ತಾರೆ.

ಈ ವರ್ಷ ಒಂದು ಸಂಜೆ, ಒಂದೂವರೆ ಗಂಟೆಯ ಹೊತ್ತು, 'ದ ಜ್ಯಾಮ್' ಬ್ಯಾಂಡಿನ ಹಾಡುಗಳನ್ನಷ್ಟೇ ನುಡಿಸಬೇಕೆಂದು ನನ್ನ ಆಸೆ. ಕೇಳಿರದವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ಲಂಡನ್ನಿನ ಹೊರಗಿನ ವೋಕಿಂಗ್ ಎಂಬ ಊರಿನಲ್ಲಿ 1972ರಲ್ಲಿ ಶಾಲಾ ಹುಡುಗರು ಕಟ್ಟಿದ ಬ್ಯಾಂಡಿದು. ಗಿಟಾರ್ ಮತ್ತು ಹಾಡುಗಾರಿಕೆ ಪಾಲ್ ವೆಲ್ಲರ್, ಬೇಸ್ ಬ್ರೂಸ್ ಫಾಕ್ಸ್‌ಟನ್, ಡ್ರಮ್ಸ್ ರಿಕ್ ಬಕ್ಲರ್. 1977ರಲ್ಲಿ ಪಂಕ್ ಅಲೆ ಎದ್ದಾಗ ಉಳಿದವರು ಹರಿದ ಅಂಗಿಗೆ ಪಿನ್ನು ಚುಚ್ಚಿಕೊಂಡು ವೇದಿಕೆಗೆ ಬಂದರೆ, ಇವರು ಕಪ್ಪು ಸೂಟು ತೊಟ್ಟು ಟೈ ಕಟ್ಟಿ ಬಂದರು. ವೇಗವೂ ಸಿಟ್ಟೂ ಪಂಕ್‌ನವು. ಉಡುಪು, ಗಿಟಾರು, ರಾಗದ ಮೇಲಿನ ಮೋಹ 1960ರ ದಶಕದ ಮಾಡ್ ಹುಡುಗರವು, ಅಂದರೆ ಚೊಕ್ಕ ಸೂಟು ತೊಟ್ಟು ಸ್ಕೂಟರಿನಲ್ಲಿ ತಿರುಗುತ್ತಿದ್ದ ಬ್ರಿಟನ್ನಿನ ಶೋಕಿ ಯುವಕರವು. ಐದು ವರ್ಷಗಳಲ್ಲಿ ಆರು ಆಲ್ಬಮ್‌ಗಳು ಬಂದವು. ಒಂದರ ಹಿಂದೊಂದರಂತೆ ಹದಿನೆಂಟು ಸಿಂಗಲ್‌ಗಳು ಬ್ರಿಟನ್ನಿನ ಮಾರಾಟ ಪಟ್ಟಿಯ ಮೊದಲ ನಲವತ್ತರೊಳಗೆ ಸೇರಿದವು, ಅವುಗಳಲ್ಲಿ ನಾಲ್ಕು ಮೊದಲ ಸ್ಥಾನಕ್ಕೇರಿದವು. ಹೀಗೆ ಶಿಖರದಲ್ಲಿದ್ದಾಗಲೇ ಇಪ್ಪತ್ತನಾಲ್ಕು ವರ್ಷದ ವೆಲ್ಲರ್ ಇನ್ನು ಸಾಕೆಂದುಬಿಟ್ಟರು. 1982ರ ಡಿಸೆಂಬರ್ 11ರಂದು ಬ್ರೈಟನ್ನಿನಲ್ಲಿ ಕೊನೆಯ ಕಾರ್ಯಕ್ರಮ ನಡೆಯಿತು. ಆಮೇಲೆ ಈ ಮೂವರೂ ಒಟ್ಟಾಗಿ ವೇದಿಕೆ ಏರಲೇ ಇಲ್ಲ.

ನಮ್ಮ ತಕರಾರು ಇಲ್ಲಿಂದ ಶುರುವಾಗುತ್ತದೆ. 2007ರಿಂದ 'ಫ್ರಮ್ ದ ಜ್ಯಾಮ್' ಎಂಬ ಹೆಸರಿನಲ್ಲಿ ಫಾಕ್ಸ್‌ಟನ್ ಮತ್ತು ಬಕ್ಲರ್ ಅದೇ ಹಾಡುಗಳನ್ನು ಊರೂರಿಗೆ ಒಯ್ದರು. ವೆಲ್ಲರ್ ಜಾಗದಲ್ಲಿ ರಸೆಲ್ ಹೇಸ್ಟಿಂಗ್ಸ್ ಹಾಡಿದರು. 2009ರಲ್ಲಿ ಬಕ್ಲರ್ ಹೊರಬಂದ ಮೇಲೆ ಮೂಲದವರೆಂದು ಉಳಿದದ್ದು ಒಬ್ಬರೇ. ನಮ್ಮ ಗಾಯಕ ಕೇಳುವುದಿಷ್ಟು: "ಹಾಡು ಕಟ್ಟಿದವನೇ ಹಿಂದಿರುಗಿ ನೋಡಲು ಒಪ್ಪಲಿಲ್ಲ. ಅವನಿಲ್ಲದೆ ಅವನ ಜೊತೆಗಾರರು ನುಡಿಸಿದ್ದನ್ನೇ ಅರ್ಧ ನಕಲು ಎನ್ನುವವರಿದ್ದಾರೆ. ಹಾಗಾದರೆ ಪುಣೆಯಲ್ಲಿ ಕುಳಿತು ನಾವು ನುಡಿಸುವುದಕ್ಕೆ ಏನೆನ್ನಬೇಕು?" ನನಗೆ ಉತ್ತರ ಹೊಳೆಯಲಿಲ್ಲ. ನಾವು ಮಾತಾಡಿಸಿದ ಕೆಫೆಯ ಮಾಲೀಕರಂತೂ ಜನ ಬಿಯರ್ ಕುಡಿಯುತ್ತ ಜೊತೆಗೂಡಿ ಹಾಡುವಂಥ ನಾಲ್ಕು ಹಾಡು ಸೇರಿಸಿ ಎಂದು ಹೇಳಿ ಕೈತೊಳೆದುಕೊಂಡರು.

ಇಂಥ ಹಾಡು ವೇದಿಕೆಯ ಮೇಲೆ ಬದುಕುತ್ತದೆಯೇ, ಅಥವಾ ಭರಣಿಯ ಉಪ್ಪಿನಕಾಯಿಯ ಹಾಗೆ ಕೆಡದೆ ಉಳಿದಿರುತ್ತದೆ ಅಷ್ಟೆಯೇ? ರೆಕಾರ್ಡಿನಲ್ಲಿ ಇರುವ ಹಾಗೆಯೇ ನುಡಿಸಬೇಕೇ? ತಿಳಿದವರು ದಯವಿಟ್ಟು ಬರೆಯಿರಿ.

ಮಾಟುಂಗಾ ಮಾವ, ಮುಂಬೈ

ನಾನು ಈ ಬ್ಯಾಂಡನ್ನು ಕಣ್ಣಾರೆ ನೋಡಿದವನಲ್ಲ. ಆದರೂ ಈ ಹಾಡುಗಳು ನನ್ನವು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

1982ರ ಜನವರಿ 18ರಂದು ಮುಂಬೈಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ದತ್ತಾ ಸಾಮಂತರ ಮಾತಿಗೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಪರೇಲಿನಲ್ಲಿ ಗಿರಣಿಯ ಗೇಟಿನೆದುರು ನಮ್ಮ ದೊಡ್ಡಪ್ಪನ ಸಣ್ಣ ಹೋಟೆಲಿತ್ತು. ಪಾಳಿ ಬಿಟ್ಟ ಹೊತ್ತಿಗೆ ಚಹಾದ ಲೋಟ ತೊಳೆದು ಮುಗಿಯದಿದ್ದ ಜಾಗದಲ್ಲಿ ಮಾರ್ಚ್ ತಿಂಗಳ ಹೊತ್ತಿಗೆ ನೊಣ ಓಡಿಸುವ ಕೆಲಸವಷ್ಟೇ ಉಳಿಯಿತು. ಉದ್ದರಿಯ ಪುಸ್ತಕ ಮಾತ್ರ ದಪ್ಪವಾಗುತ್ತ ಹೋಯಿತು. ಮರುವರ್ಷ, ನಾನು ಕಾಲೇಜಿನಲ್ಲಿದ್ದಾಗ, ಮಂಗಳೂರಿನ ಗೆಳೆಯನೊಬ್ಬನ ಅಣ್ಣ ಹಡಗಿನ ಕೆಲಸದಿಂದ ರಜೆಗೆ ಬಂದವನು ಒಂದು ಕ್ಯಾಸೆಟ್ ತಂದ. ಅದರಲ್ಲಿ 'ಟೌನ್ ಕಾಲ್ಡ್ ಮ್ಯಾಲಿಸ್' ಇತ್ತು. ಆ ಹಾಡು ಬಿಡುಗಡೆಯಾದದ್ದೂ ಅದೇ 1982ರ ಜನವರಿಯಲ್ಲಿ, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ್ದು ಫೆಬ್ರವರಿಯಲ್ಲಿ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಅರ್ಧ ಪದ ಅರ್ಥವಾಗಲಿಲ್ಲ. ಆದರೆ ಕುಣಿಸುವ ತಾಳದ ಮೇಲೆ ಕೂತು ಒಬ್ಬ ಹುಡುಗ ಕೈಲಿ ಕಾಸಿಲ್ಲದ ಊರಿನ ಕಥೆ ಹೇಳುತ್ತಿದ್ದಾನೆ ಎಂಬುದು ತಿಳಿಯದಿರಲು ನಾನೇನು ಕಿವುಡನಾಗಿರಲಿಲ್ಲ.

ಆ ಹಾಡಿನ ಊರು ವೋಕಿಂಗ್, ಪರೇಲಲ್ಲ. ಅದನ್ನು ಪರೇಲಿನದೆಂದು ಎಳೆದು ತರುವುದು ತಪ್ಪು. ಆದರೆ ಈ ಕಾಕತಾಳೀಯದ ಮುಂದಿನ ಭಾಗವನ್ನೂ ಕೇಳಿ. 2007ರಲ್ಲಿ ಲೋವರ್ ಪರೇಲಿನ ಮಥುರಾದಾಸ್ ಮಿಲ್ ಆವರಣದಲ್ಲಿ 'ಬ್ಲೂ ಫ್ರಾಗ್' ಎಂಬ ಲೈವ್ ಸಂಗೀತದ ಜಾಗ ತೆರೆಯಿತು, 2016ರವರೆಗೆ ನಡೆಯಿತು. ಅಲ್ಲಿ ಒಂದು ರಾತ್ರಿ ನಮ್ಮ ಹುಡುಗರ ಬ್ಯಾಂಡೊಂದು ಕಾರ್ಯಕ್ರಮದ ಕೊನೆಗೆ ಇದೇ ಹಾಡನ್ನು ನುಡಿಸಿತು. ಗಾಯಕನ ಉಚ್ಚಾರಣೆ ಅಪ್ಪಟ ಬಾಂದ್ರಾ, ಡ್ರಮ್ಸಿನವನು ಅವಸರದಲ್ಲಿದ್ದ, ಎರಡನೆಯ ಚರಣ ನುಂಗಿಯೇ ಹೋಯಿತು. ಗಿರಣಿಯ ಹೊಗೆಕೊಳವೆ ಕಾಣುವ ಆ ಅಂಗಳಕ್ಕೆ ಹೊರಬಂದು ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಕಾಳಾ ಘೋಡಾದ ರಿದಮ್ ಹೌಸಿನಲ್ಲಿ ಕೊಂಡ ರೆಕಾರ್ಡು ಇಂದಿಗೂ ಮನೆಯಲ್ಲಿದೆ, ಅಂಗಡಿ ಮುಚ್ಚಿತು. ಅದನ್ನು ನೂರು ಸಲವಾದರೂ ಹಾಕಿದ್ದೇನೆ, ಆ ರಾತ್ರಿ ಆದದ್ದು ಒಮ್ಮೆಯೂ ಆಗಿಲ್ಲ.

ನಕಲು ಎನ್ನುವ ನಿಮ್ಮ ಗಾಯಕರಿಗೆ ನನ್ನದೊಂದು ಪ್ರಶ್ನೆಯಿದೆ. ಅಂದು ನಾನು ಕೇಳಿದ್ದು ಯಾರದು?

ಚೆಂಡೆಪೆಟ್ಟು, ಡೊಂಬಿವಿಲಿ

ರಾಕ್ ಸಂಗೀತ ನನ್ನ ವಿಷಯವಲ್ಲ; ಯಕ್ಷಗಾನದ ಹಿಮ್ಮೇಳದಲ್ಲಿ ಕೂರುವ ಹವ್ಯಾಸಿ ನಾನು. ಆದರೆ ಪ್ರಶ್ನೆ ನಮ್ಮಲ್ಲಿ ಬಹಳ ಹಳೆಯದು, ಅದಕ್ಕಾಗಿ ಬರೆಯುತ್ತಿದ್ದೇನೆ.

ಕಟೀಲು ಮೇಳ ಅಥವಾ ಧರ್ಮಸ್ಥಳ ಮೇಳ ಎಂದಾಗ ನಾವು ಯಾವ ಭಾಗವತರನ್ನೂ ಯಾವ ವೇಷಧಾರಿಯನ್ನೂ ಹೆಸರಿಸುತ್ತಿಲ್ಲ. ಜನ ಬರುತ್ತಾರೆ, ಹೋಗುತ್ತಾರೆ, ಮೇಳ ಇರುತ್ತದೆ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ತಿರುಗಾಟ ಮುಗಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬೈಗೆ ಬಂದು ಆಡುವಾಗ ಐದು ಮೇಳದವರು ಒಂದೇ ವೇದಿಕೆಯಲ್ಲಿ ಸೇರಿರುತ್ತಾರೆ. ಪಾರ್ತಿಸುಬ್ಬನ ಪದ್ಯ ಆಗಲೂ ಪಾರ್ತಿಸುಬ್ಬನದೇ. ಮೂಲ ಕವಿ ಎದುರಿಗಿಲ್ಲ ಎಂಬ ಕಾರಣಕ್ಕೆ 'ಪಂಚವಟಿ' ಆಡುವುದನ್ನು ಯಾರಾದರೂ ನಕಲು ಎಂದದ್ದುಂಟೇ?

ನಿಮ್ಮ ಪ್ರಶ್ನೆಯಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಬಿಟ್ಟುಹೋದವರು ಹಾಡುವವರು, ಉಳಿದು ನುಡಿಸಿದವರು ಬೇಸ್ ಮತ್ತು ಡ್ರಮ್ಸ್, ಅಂದರೆ ನಮ್ಮ ಲೆಕ್ಕದಲ್ಲಿ ಮದ್ದಳೆ ಮತ್ತು ಚೆಂಡೆ. ಪದ್ಯದ ಸಾಹಿತ್ಯ ಪುಸ್ತಕದಲ್ಲಿ ಸಿಗುತ್ತದೆ, ಧಾಟಿಯನ್ನು ಧ್ವನಿಮುದ್ರಣದಿಂದ ಹಿಡಿಯಬಹುದು. ಆದರೆ ಏರು ಪದ್ಯವನ್ನು ಯಾವ ಕಾಲದಲ್ಲಿ ಎತ್ತಬೇಕು, ಎಲ್ಲಿ ಹಿಗ್ಗಿಸಬೇಕು, ಮುಕ್ತಾಯಕ್ಕೆ ಮುನ್ನ ಎಷ್ಟು ತಡೆದು ಬಿಡಬೇಕು ಎಂಬುದು ಕೈಯಲ್ಲಿ ಇರುತ್ತದೆಯೇ ಹೊರತು ಕಾಗದದಲ್ಲಲ್ಲ. ಹಾಡಿನ ಓಟವನ್ನು ಕೈಯಲ್ಲಿಟ್ಟುಕೊಂಡ ಆ ಇಬ್ಬರು ನುಡಿಸಿದ್ದನ್ನು ಅರ್ಧ ನಕಲು ಎನ್ನಲು ನಾನು ಒಪ್ಪುವುದಿಲ್ಲ.

ಹಳೇಮಾತು, ಠಾಣೆ

ಮೇಲಿನವರ ಹೋಲಿಕೆ ಚೆನ್ನಾಗಿದೆ, ಆದರೆ ಹೊಂದುವುದಿಲ್ಲ. ಪ್ರಸಂಗವನ್ನು ಬರೆದದ್ದೇ ಬೇರೆಯವರು ಆಡಲೆಂದು. ರಾಕ್ ಬ್ಯಾಂಡಿನ ಹಾಡು ಹಾಗಲ್ಲ; ಬರೆದವನೇ ಹಾಡಬೇಕು, ಆ ವಯಸ್ಸಿನಲ್ಲೇ ಹಾಡಬೇಕು ಎಂಬುದು ಅದರ ಹುಟ್ಟುಗುಣ. ಇಪ್ಪತ್ತರ ಹುಡುಗನ ಸಿಟ್ಟನ್ನು ಅರವತ್ತರ ಗೃಹಸ್ಥರು ಟಿಕೆಟ್ ಇಟ್ಟು ಮಾರಿದರೆ ಅದು ನೆನಪಿನ ವ್ಯಾಪಾರ. ಕೇಳುವವರೂ ಅರವತ್ತರವರೇ, ತಮ್ಮ ಪ್ರಾಯವನ್ನು ಕೇಳಿಸಿಕೊಳ್ಳಲು ಬರುತ್ತಾರೆ. ವೆಲ್ಲರ್ ಮಾಡಿದ್ದೇ ಸರಿ: ಮುಗಿದದ್ದು ಮುಗಿಯಿತೆಂದು ಹೇಳಿ 1983ರಲ್ಲಿ 'ದ ಸ್ಟೈಲ್ ಕೌನ್ಸಿಲ್' ಕಟ್ಟಿ ಬೇರೆ ದಾರಿ ಹಿಡಿದರು. ನೀವು ಕೂಡ ನಿಮ್ಮ ಹಾಡು ಬರೆಯಿರಿ. ಕನ್ನಡದಲ್ಲಿ ಬರೆದರೆ ಮೊದಲ ಟಿಕೆಟ್ ನನ್ನದು.

ಮಾಂಡವಿ ಬೇಸ್, ಪಣಜಿ

ಹಳೇಮಾತು ಅವರಿಗೆ ಒಂದು ತಿದ್ದುಪಡಿ. ವೆಲ್ಲರ್ ಬ್ಯಾಂಡನ್ನು ಬಿಟ್ಟರೇ ಹೊರತು ಹಾಡುಗಳನ್ನು ಬಿಡಲಿಲ್ಲ. ತಮ್ಮ ಸ್ವಂತ ಕಾರ್ಯಕ್ರಮಗಳಲ್ಲಿ 'ದಟ್ಸ್ ಎಂಟರ್‌ಟೈನ್‌ಮೆಂಟ್', 'ಸ್ಟಾರ್ಟ್', 'ಟೌನ್ ಕಾಲ್ಡ್ ಮ್ಯಾಲಿಸ್' ಹಾಡುತ್ತ ಬಂದಿದ್ದಾರೆ. 2010ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫಾಕ್ಸ್‌ಟನ್ ಅವರ ಜೊತೆ ವೇದಿಕೆಗೆ ಬಂದು 'ದ ಈಟನ್ ರೈಫಲ್ಸ್' ನುಡಿಸಿದರು, ಇಪ್ಪತ್ತೆಂಟು ವರ್ಷಗಳ ಬಳಿಕ. ಬಕ್ಲರ್ ಅಲ್ಲಿರಲಿಲ್ಲ. 2025ರ ಫೆಬ್ರವರಿಯಲ್ಲಿ ಬಕ್ಲರ್ ತೀರಿಕೊಂಡ ಮೇಲೆ ಆ ಮೂವರು ಎಂಬ ಮಾತೇ ಮುಗಿಯಿತು. ಇನ್ನು ಮುಂದೆ ಈ ಹಾಡುಗಳನ್ನು ಯಾರೇ ನುಡಿಸಿದರೂ ಅವರಲ್ಲಿ ಯಾರೋ ಒಬ್ಬರಿಲ್ಲದೆಯೇ ನುಡಿಸಬೇಕು. ಹಾಗಾಗಿ ಹಕ್ಕಿನ ಚರ್ಚೆಯನ್ನು ಬದಿಗಿಟ್ಟು ಕೈಯ ಕೆಲಸಕ್ಕೆ ಬರುತ್ತೇನೆ. ನಾಲ್ಕುತಂತಿಯವರೇ, ಇದು ನಿಮಗೆ.

ಮೂವರ ಬ್ಯಾಂಡಿನಲ್ಲಿ ಬೇಸ್ ಎಂದರೆ ನೆಲವೂ ಹೌದು, ಗೋಡೆಯೂ ಹೌದು. ವೆಲ್ಲರ್ ಗಿಟಾರ್ ಹಿಡಿದ ಬಗೆಗೆ 'ಡಾಕ್ಟರ್ ಫೀಲ್‌ಗುಡ್' ಬ್ಯಾಂಡಿನ ವಿಲ್ಕೊ ಜಾನ್ಸನ್ ಗುರು: ತಾಳದ ಕಡಿತ ಮತ್ತು ರಾಗದ ತುಣುಕು ಎರಡನ್ನೂ ಒಂದೇ ಕೈಯಿಂದ ಕತ್ತರಿಸಿ ಕೊಡುವ ಕ್ರಮ ಅದು. ಆದ್ದರಿಂದ ಗಿಟಾರಿನ ನಡುವೆ ಕಿಂಡಿಗಳು ಬಿಟ್ಟಿರುತ್ತವೆ, ಅವನ್ನು ತುಂಬುವವನು ನೀವು. ಫಾಕ್ಸ್‌ಟನ್ ಮೊದಮೊದಲು ರಿಕನ್‌ಬ್ಯಾಕರ್ ಬೇಸ್ ನುಡಿಸಿ, ಆಮೇಲೆ ಫೆಂಡರ್ ಪ್ರಿಸಿಷನ್ನಿಗೆ ಬಂದರು. ಎರಡರಲ್ಲೂ ಸ್ವರದ ಅಂಚು ಚೂಪು. ನಿಮ್ಮ ಆಂಪ್ಲಿಫೈಯರಿನಲ್ಲಿ ಮಂದ್ರವನ್ನು ತುಸು ಇಳಿಸಿ ಮಧ್ಯಮವನ್ನು ಏರಿಸಿ. ಪುಣೆಯ ಕೆಫೆಗಳ ತಗ್ಗು ಛಾವಣಿಯ ಕೆಳಗೆ ಗುಂಯ್‌ಗುಡುವ ಬೇಸ್ ಹಾಕಿದಿರೋ, 'ಸ್ಟಾರ್ಟ್' ಹಾಡಿನ ಎತ್ತುಗಡೆ ಯಾರಿಗೂ ಗೊತ್ತಾಗುವುದಿಲ್ಲ. ಆ ಎತ್ತುಗಡೆ ಬೀಟಲ್ಸ್ ತಂಡದ 1966ರ 'ಟ್ಯಾಕ್ಸ್‌ಮ್ಯಾನ್' ಬೇಸನ್ನು ಎಷ್ಟು ಹೋಲುತ್ತದೆಂದರೆ ಕೇಳುವವರು ಮೊದಲು ನಗಬೇಕು, ಆಮೇಲೆ ಮರೆಯಬೇಕು. ನಿಮ್ಮ ಗಾಯಕರಿಗೆ ನಕಲಿನ ಭಯವಿದ್ದರೆ ಇದೊಂದನ್ನು ಕೇಳಿಸಿ. ಮೂಲ ಎಂದು ನಾವು ಕೈಮುಗಿಯುವ ಹಾಡೂ ಬೇರೆಯವರ ಅಂಗಳದಿಂದ ಕಲ್ಲು ತಂದೇ ಕಟ್ಟಿದ್ದು. ಕಿಂಕ್ಸ್ ತಂಡದ 'ಡೇವಿಡ್ ವಾಟ್ಸ್' ಅನ್ನು ಈ ಬ್ಯಾಂಡೇ ಹಾಡಿದೆ, ಅದೂ ಫಾಕ್ಸ್‌ಟನ್ ಕಂಠದಲ್ಲಿ.

ವೇಗದ ಬಗ್ಗೆಯೂ ಒಂದು ಮಾತು. ಜನ ಮುಂದೆ ನಿಂತರೆ ಎಲ್ಲರ ಕೈಯೂ ಓಡುತ್ತದೆ. 'ಗೋಯಿಂಗ್ ಅಂಡರ್‌ಗ್ರೌಂಡ್' ಮೊದಲೇ ಓಡುವ ಹಾಡು. 1980ರ ಮಾರ್ಚಿನಲ್ಲಿ ಬಿಡುಗಡೆಯಾದ ವಾರವೇ ನೇರ ಮೊದಲ ಸ್ಥಾನಕ್ಕೆ ಇಳಿದದ್ದು. ಅದನ್ನು ಇನ್ನೂ ಓಡಿಸಿದರೆ ಪದಗಳು ಉದುರಿಹೋಗುತ್ತವೆ, ಈ ಬ್ಯಾಂಡಿನಲ್ಲಿ ಪದ ಉದುರಿದರೆ ಉಳಿಯುವುದು ಗದ್ದಲ ಮಾತ್ರ. ನಿಮ್ಮ ಕುಂದಾಪುರದ ಹುಡುಗನಿಗೆ ಬಕ್ಲರ್ ಅವರ ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಾಳ) ಮಾತ್ರ ಒಂದು ವಾರ ಕೇಳಲು ಹೇಳಿ. ಅಲಂಕಾರ ಕಡಿಮೆ, ಅವಸರ ಇನ್ನೂ ಕಡಿಮೆ.

ನಾವು ಇಲ್ಲಿ ಮದುವೆಯ ಬ್ಯಾಂಡಿನಲ್ಲಿ ಹೊಟ್ಟೆ ಹೊರೆಯುವವರು. ವಾಲ್ಟ್ಸ್, ಮಸಾಲಾ, ಹಳೆಯ ಕೊಂಕಣಿ ಹಾಡು ಎಲ್ಲವನ್ನೂ ರಾತ್ರಿ ಹನ್ನೊಂದರ ಹೊತ್ತಿಗೆ ಜನರ ಮುಖ ನೋಡಿಯೇ ನುಡಿಸುತ್ತೇವೆ. ರೆಕಾರ್ಡಿನಂತೆ ನುಡಿಸಬೇಕೇ ಎಂದು ಕೇಳಿದಿರಿ. ಎತ್ತುಗಡೆ, ನಿಲುಗಡೆ, ಬೇಸ್ ಸಾಲು ಇವು ಮೂರು ಇದ್ದ ಹಾಗೆಯೇ ಇರಲಿ. ಉಳಿದದ್ದು ನಿಮ್ಮ ಗಂಟಲು, ನಿಮ್ಮ ಕೈ. ಇಂಗ್ಲಿಷ್ ಉಚ್ಚಾರಣೆಯನ್ನು ವೋಕಿಂಗಿನವರಂತೆ ತಿರುಚಲು ಮಾತ್ರ ಹೋಗಬೇಡಿ, ಕೇಳಲಾಗುವುದಿಲ್ಲ.

ಲೆಕ್ಕಪತ್ರ, ಮುಂಬೈ

ಯಾರೂ ಹೇಳಲಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಟಿಕೆಟ್ ಇರಲಿ ಬಿಡಲಿ, ಸಾರ್ವಜನಿಕ ಜಾಗದಲ್ಲಿ ಇನ್ನೊಬ್ಬರ ಹಾಡನ್ನು ನುಡಿಸುವಾಗ ಅದರ ಸಾಹಿತ್ಯ ಮತ್ತು ಸಂಗೀತಕ್ಕೆ ಪರವಾನಗಿ ಬೇಕು. ನಮ್ಮಲ್ಲಿ ಅದನ್ನು ಕೊಡುವುದು ಐಪಿಆರ್‌ಎಸ್, ಅಂದರೆ ಹಾಡು ಬರೆದವರ, ಸಂಗೀತ ಕಟ್ಟಿದವರ ಹಕ್ಕುಗಳನ್ನು ನೋಡಿಕೊಳ್ಳುವ ಸಂಸ್ಥೆ. ಸಾಮಾನ್ಯವಾಗಿ ಜಾಗದವರೋ ಆಯೋಜಕರೋ ಪಡೆದಿರುತ್ತಾರೆ, ಆದರೂ ಕಾಗದ ನೋಡಿಯೇ ಒಪ್ಪಿಕೊಳ್ಳಿ. ನೀವೇ ನುಡಿಸುವಾಗ ಧ್ವನಿಮುದ್ರಣದ ಪರವಾನಗಿಯ ಪ್ರಶ್ನೆ ಬರುವುದಿಲ್ಲ. ನಡುವಿನ ವಿರಾಮದಲ್ಲಿ ಮೂಲ ರೆಕಾರ್ಡು ಹಾಕಿದರೆ ಬರುತ್ತದೆ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬ ನಿಯಮ ತೆರೆದ ಅಂಗಳಕ್ಕೆ ಅನ್ವಯಿಸುತ್ತದೆ. ಧೋಬಿ ತಲಾವಿನ ರಂಗಭವನದಲ್ಲಿ ರಾಕ್ ಕಾರ್ಯಕ್ರಮಗಳು ನಿಂತದ್ದಕ್ಕೆ ಕಾರಣ ಕೇಳುಗರ ಬರವಲ್ಲ, ಸುತ್ತ ಆಸ್ಪತ್ರೆ, ಕಾಲೇಜು ಇದ್ದ ಶಬ್ದ ನಿಷೇಧಿತ ವಲಯ. ಜಾಗ ಹೋದರೆ ಹಾಡೂ ಹೋಗುತ್ತದೆ.

ನಾಲ್ಕುತಂತಿ, ಪುಣೆ

ಎಲ್ಲರಿಗೂ ಧನ್ಯವಾದ. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಮಾಂಡವಿ ಬೇಸ್ ಅವರು ಹೇಳಿದ್ದನ್ನು ಮಾಡಿ ನೋಡದೆ ಉತ್ತರಿಸುವುದು ಸರಿಯಲ್ಲ ಎನಿಸಿತು.

ಮಂದ್ರ ಇಳಿಸಿದೆ. ಮೊದಲ ಬಾರಿಗೆ ಅಜ್ಜಿ ಬರಲಿಲ್ಲ. ಆ ಗುರುವಾರ ಊರಲ್ಲಿರಲಿಲ್ಲವೆಂದು ಆಮೇಲೆ ತಿಳಿಯಿತು. ಹೈ-ಹ್ಯಾಟ್ ಅಭ್ಯಾಸ ನಮ್ಮ ಹುಡುಗನಿಗೆ ಮೊದಲು ಅವಮಾನವೆನಿಸಿತು, ಎರಡನೆಯ ವಾರ ಅವನೇ ನನ್ನನ್ನು ನಿಲ್ಲಿಸಿ "ನೀವು ಓಡುತ್ತಿದ್ದೀರಿ" ಎಂದ. ರೆಕಾರ್ಡ್ ಮಾಡಿದ್ದನ್ನು ಕೇಳಿದರೆ ನಿಜ, ಪಲ್ಲವಿ ಬಂದಾಗಲೆಲ್ಲ ನಾನೇ ಓಡುತ್ತಿದ್ದೆ.

ಚೆಂಡೆಪೆಟ್ಟು ಅವರ ಮಾತನ್ನು ಗಾಯಕನಿಗೆ ಮರಾಠಿಯಲ್ಲಿ ಹೇಳಿದೆ. ಅವನು ಪ್ರತಿ ಡಿಸೆಂಬರಿನಲ್ಲೂ ಸವಾಯಿ ಗಂಧರ್ವ ಮಹೋತ್ಸವಕ್ಕೆ ಚಾಪೆ ಹಿಡಿದು ಹೋಗುವವನು. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯ ಗದಗಿನ ಭೀಮಸೇನ ಜೋಶಿ, ಅವರು ಪುಣೆಯಲ್ಲಿ ನೆಲೆಸಿ ಗುರುವಿನ ಹೆಸರಿನಲ್ಲಿ 1953ರಿಂದ ನಡೆಸಿದ ಹಬ್ಬದಲ್ಲಿ ಹಳೆಯ ಬಂದಿಶನ್ನು ಇವತ್ತಿನ ಹುಡುಗಿ ಹಾಡಿದರೆ ನೀನು ನಕಲು ಎನ್ನುತ್ತೀಯಾ ಎಂದು ಕೇಳಿದ್ದಕ್ಕೆ ಅವನು ಬಂದಿಶಿನಲ್ಲಿ ವಿಸ್ತಾರಕ್ಕೆ ಜಾಗವಿದೆ, ಮೂರು ನಿಮಿಷದ ಹಾಡಿನಲ್ಲಿ ಎಲ್ಲಿದೆ ಎಂದ. ಅದೂ ನಿಜವೇ. ಆದರೆ ವಾದ ಅಲ್ಲಿಗೇ ನಿಲ್ಲಿಸಿ ಗಿಟಾರ್ ಎತ್ತಿಕೊಂಡ, ನನಗೆ ಅಷ್ಟು ಸಾಕಾಯಿತು. ಹಳೇಮಾತು ಅವರಿಗೆ: ಕನ್ನಡದ ಹಾಡು ಒಂದಿದೆ, ಇನ್ನೂ ಯಾರಿಗೂ ಕೇಳಿಸುವಂತಿಲ್ಲ.

ಉಡುಪಿನ ಬಗ್ಗೆ ಚಿಕ್ಕ ಜಗಳವಾಯಿತು. ಕಪ್ಪು ಸೂಟು ಬೇಡವೆಂದು ತೀರ್ಮಾನಿಸಿದ್ದೇವೆ, ಮೇ ತಿಂಗಳ ಪುಣೆಯಲ್ಲಿ ಅದು ಆತ್ಮಹತ್ಯೆ. ಬದಲಿಗೆ ಗಾಯಕನ ತಂದೆಯ ಚೇತಕ್ ಸ್ಕೂಟರನ್ನು ವೇದಿಕೆಯ ಪಕ್ಕದಲ್ಲಿ ನಿಲ್ಲಿಸುವ ಯೋಚನೆಯಿದೆ. ಮಾಡ್ ಹುಡುಗರು ಹತ್ತಾರು ಕನ್ನಡಿ ಸಿಕ್ಕಿಸಿ ಓಡಿಸಿದ ವೆಸ್ಪಾವನ್ನೇ 1960ರ ದಶಕದಲ್ಲಿ ಪಿಯಾಜಿಯೊ ಪರವಾನಗಿಯಿಂದ ಬಜಾಜ್ ತಯಾರಿಸುತ್ತಿತ್ತು. ಪರವಾನಗಿ ಮುಗಿದ ಮೇಲೆ 1972ರಲ್ಲಿ ಚೇತಕ್ ಬಂತು, ಅದು ತಯಾರಾದ ಆಕುರ್ಡಿ ನಮ್ಮ ಅಭ್ಯಾಸದ ಕೋಣೆಯಿಂದ ಬಹಳ ದೂರವಿಲ್ಲ. ಅಲ್ಲಿ ಶೋಕಿಯಾದದ್ದು ಇಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಗ್ಯಾಸ್ ಸಿಲಿಂಡರ್ ಹೊತ್ತು ಸಂಸಾರ ನಡೆಸಿತು. ಅದಕ್ಕೆ ಕನ್ನಡಿ ಸಿಕ್ಕಿಸಲು ಅವನ ತಂದೆ ಇನ್ನೂ ಒಪ್ಪಿಲ್ಲ.

ಇನ್ನೊಂದು ನಿರ್ಧಾರ. 'ಸ್ಮಿದರ್ಸ್-ಜೋನ್ಸ್' ಎಂಬ ಹಾಡನ್ನು ಬರೆದದ್ದು ವೆಲ್ಲರ್ ಅಲ್ಲ, ಫಾಕ್ಸ್‌ಟನ್. 1979ರದು. ಸೂಟು ತೊಟ್ಟು ಹೊತ್ತಿಗೆ ಸರಿಯಾಗಿ ರೈಲು ಹಿಡಿದು ಆಫೀಸಿಗೆ ಹೋದವನಿಗೆ ಒಂದು ದಿನ ಇನ್ನು ನಿನ್ನ ಅಗತ್ಯವಿಲ್ಲ ಎಂದು ಮೇಲಿನವರು ಹೇಳುವ ಕಥೆ. ಕಳೆದ ವರ್ಷ ನಮ್ಮ ಆಫೀಸಿನಲ್ಲಿ ನನ್ನ ಎಡಗಡೆಯ ಮೇಜು ಹೀಗೆಯೇ ಖಾಲಿಯಾಯಿತು. ಅವರ ನೀರಿನ ಬಾಟಲಿ ಎರಡು ದಿನ ಅಲ್ಲೇ ಇತ್ತು. ಬೇಸ್ ನುಡಿಸುವವನ ಹಾಡಾದ್ದರಿಂದ ಅದನ್ನು ನಾನೇ ಹಾಡುತ್ತೇನೆಂದು ಹೇಳಿಬಿಟ್ಟಿದ್ದೇನೆ. ನುಡಿಸುವುದು ಬರುತ್ತದೆ, ಹಾಡುವುದೂ ಅಷ್ಟಿಷ್ಟು ಬರುತ್ತದೆ, ಎರಡನ್ನೂ ಒಟ್ಟಿಗೆ ಮಾಡಿದಾಗ ಎರಡನೆಯ ಚರಣದಲ್ಲಿ ಎಡಗೈ ನಿಂತುಹೋಗುತ್ತದೆ. ಮಾಂಡವಿ ಬೇಸ್ ಅವರೇ, ಇದಕ್ಕೇನಾದರೂ ಉಪಾಯವಿದೆಯೇ?

ಮಾಂಡವಿ ಬೇಸ್, ಪಣಜಿ

ಮೊದಲು ಹಾಡದೆ ಪದಗಳನ್ನು ಮಾತಿನಂತೆ ಹೇಳುತ್ತ ನುಡಿಸಿ, ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ. ಹದಿನೈದು ದಿನ. ಕೈಗೆ ಬಾಯಿಯ ಹಂಗು ತಪ್ಪಿದ ಮೇಲೆ ಸ್ವರ ಸೇರಿಸಿ. ಮತ್ತು ತಾರೀಖು ತಿಳಿಸಿ, ರಾತ್ರಿ ಬಸ್ಸಿದೆ.